ಗರ್ಭಿಣಿಯ ವಸಡು: ಹಾರ್ಮೋನಿನಾಚೆಗಿನ ಕಾರಣಗಳು

ಗರ್ಭಿಣಿಯರಲ್ಲಿ ವಸಡು ಊದಿಕೊಳ್ಳುವುದು, ಹಲ್ಲುಜ್ಜುವಾಗ ರಕ್ತ ಒಸರುವುದು ಎಷ್ಟು ಸಾಮಾನ್ಯವೆಂದರೆ, ಬಹಳ ಮಂದಿ ಅದನ್ನು ಕಾಯಿಲೆಯೆಂದೇ ಎಣಿಸುವುದಿಲ್ಲ. ಬೆನ್ನುನೋವು, ಕಾಲು ಊತಗಳ ಸಾಲಿಗೆ ಅದನ್ನೂ ಸೇರಿಸಿ, ಹೆರಿಗೆಯಾದ ಮೇಲೆ ತಾನಾಗಿಯೇ ಹೋಗುತ್ತದೆಂದು ಬಿಟ್ಟುಬಿಡುವುದೇ ಹೆಚ್ಚು. ಕಾರಣ ಕೇಳಿದರೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: ಹಾರ್ಮೋನಿನ ಏರುಪೇರು. ಈ ಉತ್ತರದಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಅರ್ಧ ಉತ್ತರ. ಗರ್ಭ ಧರಿಸಿದ ಪ್ರತಿಯೊಬ್ಬಳ ದೇಹದಲ್ಲೂ ಅವೇ ಹಾರ್ಮೋನುಗಳು ಏರುತ್ತವೆ. ಆದರೂ ಒಬ್ಬಳಿಗೆ ವಸಡು ಸ್ವಲ್ಪ ಕೆಂಪಾಗಿ ಅಷ್ಟಕ್ಕೇ ನಿಲ್ಲುತ್ತದೆ. ಇನ್ನೊಬ್ಬಳಿಗೆ ಕೀವು ತುಂಬಿ, ಹಲ್ಲು ಸಡಿಲಗೊಂಡು, ಊಟ ಅಗಿಯುವುದೇ ಕಷ್ಟವಾಗುತ್ತದೆ. ಈ ಅಂತರ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಬಾಯಿಯ ಒಳಗೆ ಮಾತ್ರ ನೋಡಿದರೆ ಸಾಲದು. ಆಕೆಯ ಆದಾಯ, ಓದು, ದುಡಿಮೆಯ ಸ್ವರೂಪ, ಮನೆಯೊಳಗಿನ ಸ್ಥಾನ ಹಾಗೂ ಆಕೆಗೆ ಎಟಕುವ ಆರೋಗ್ಯ ವ್ಯವಸ್ಥೆ ಎಂಥದ್ದು ಎಂಬುದನ್ನೂ ನೋಡಬೇಕಾಗುತ್ತದೆ.

ಹಾರ್ಮೋನು ಮಾಡುವುದೇನು?

ಮೊದಲು ದೇಹದ ಲೆಕ್ಕವನ್ನು ಮುಗಿಸಿಕೊಳ್ಳೋಣ. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳಿಂದ ಕೂಡಿದ ಅಂಟಾದ ತೆಳುಪದರವೊಂದು ಸದಾ ಕಟ್ಟುತ್ತಿರುತ್ತದೆ. ಇದೇ ಪ್ಲಾಕ್. ದಿನವೂ ಉಜ್ಜಿ ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ. ಕಿಟ್ಟ ಕಟ್ಟಿದ ಮೇಲೆ ಬ್ರಷ್ಷಿನಿಂದ ಹೋಗುವುದಿಲ್ಲ, ದಂತವೈದ್ಯರ ಉಪಕರಣವೇ ಬೇಕು. ಪ್ಲಾಕಿನ ವಿರುದ್ಧ ದೇಹ ತೋರಿಸುವ ಪ್ರತಿಕ್ರಿಯೆಯೇ ವಸಡಿನ ಉರಿಯೂತ. ಗರ್ಭಾವಸ್ಥೆಯಲ್ಲಿ ಏರುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್‌ಗಳು ವಸಡಿನ ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿ, ಅವುಗಳಿಂದ ದ್ರವ ಸುಲಭವಾಗಿ ಒಸರುವಂತೆ ಮಾಡುತ್ತವೆ. ದೇಹದ ರೋಗನಿರೋಧಕ ಪ್ರತಿಕ್ರಿಯೆಯ ರೀತಿಯೂ ಆಗ ಬದಲಾಗಿರುತ್ತದೆ. ಪ್ರಿವೊಟೆಲ್ಲಾ ಇಂಟರ್‌ಮೀಡಿಯಾದಂತಹ ಕೆಲವು ಬ್ಯಾಕ್ಟೀರಿಯಾಗಳು ಈ ಹಾರ್ಮೋನುಗಳನ್ನೇ ಪೋಷಕಾಂಶದಂತೆ ಬಳಸಿಕೊಂಡು ಹೆಚ್ಚಬಲ್ಲವೆಂದು 1980ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಅಧ್ಯಯನ ದಂತ ಸಂಶೋಧಕರಾದ ಹರಾಲ್ಡ್ ಲೋ ಮತ್ತು ಸಿಲ್ನೆಸ್ ಅವರು 1963ರಲ್ಲಿ ಪ್ರಕಟಿಸಿದ್ದು. ಗರ್ಭದ ಎರಡನೆಯ ತಿಂಗಳಿನಿಂದ ವಸಡಿನ ಉರಿಯೂತ ಏರತೊಡಗಿ, ಎಂಟನೆಯ ತಿಂಗಳಲ್ಲಿ ತುತ್ತತುದಿ ತಲುಪಿ, ಆಮೇಲೆ ಇಳಿಯುತ್ತದೆ ಎಂದು ಅವರು ದಾಖಲಿಸಿದರು. ಪ್ಲಾಕಿನ ಪ್ರಮಾಣವನ್ನೂ ವಸಡಿನ ಸ್ಥಿತಿಯನ್ನೂ ಅಂಕಗಳಲ್ಲಿ ಅಳೆಯುವ, ಜಗತ್ತಿನಾದ್ಯಂತ ಇಂದಿಗೂ ಬಳಕೆಯಲ್ಲಿರುವ ಸೂಚ್ಯಂಕಗಳು ಹುಟ್ಟಿದ್ದೂ ಅವರ ಈ ಕೆಲಸದಿಂದಲೇ. ನಮ್ಮ ಚರ್ಚೆಗೆ ಇದರಿಂದ ತೆಗೆದುಕೊಳ್ಳಬೇಕಾದ ಮುಖ್ಯ ಅಂಶ ಇಷ್ಟು: ಹಾರ್ಮೋನು ತನ್ನಷ್ಟಕ್ಕೆ ವಸಡಿನ ರೋಗವನ್ನು ಹುಟ್ಟಿಸುವುದಿಲ್ಲ, ಮೊದಲೇ ಇರುವ ಪ್ಲಾಕಿಗೆ ದೇಹ ತೋರಿಸುವ ಪ್ರತಿಕ್ರಿಯೆಯನ್ನು ಹೆಚ್ಚಿಸುತ್ತದೆ. ಒಲೆಯಲ್ಲಿ ಕೆಂಡವಿದ್ದರೆ ಮಾತ್ರ ಊದಿದಾಗ ಉರಿ ಏಳುತ್ತದೆ. ಕೆಂಡ ಯಾರ ಬಾಯಲ್ಲಿ ಎಷ್ಟಿರುತ್ತದೆ, ಅದನ್ನು ಆರಿಸುವ ಅನುಕೂಲ ಯಾರಿಗಿದೆ ಎಂಬುದನ್ನು ಬಹುಮಟ್ಟಿಗೆ ಸಮಾಜವೇ ನಿರ್ಧರಿಸುತ್ತದೆ.

ಗರ್ಭಾವಸ್ಥೆಯಲ್ಲಿ ಹಲ್ಲಿಗೆ ಬೇರೆ ಎರಡು ತೊಂದರೆಗಳೂ ಬರುತ್ತವೆ. ವಾಂತಿಯೊಂದಿಗೆ ಬಾಯಿಗೆ ಬರುವ ಜಠರದ ಆಮ್ಲ ಹಲ್ಲಿನ ಮೇಲಿನ ಎನಾಮಲನ್ನು ಸವೆಸುತ್ತದೆ. ಹೊಟ್ಟೆ ತೊಳಸುವುದನ್ನು ತಡೆಯಲು ಆಗಾಗ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿರಬೇಕಾಗುವುದರಿಂದ, ಅದು ಸಿಹಿಯೋ ಪಿಷ್ಟವೋ ಆಗಿದ್ದರೆ, ಹುಳುಕು ಬೀಳುವ ಸಂಭವ ಹೆಚ್ಚುತ್ತದೆ. ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆಂಬ ನಂಬಿಕೆ ಮಾತ್ರ ನಿಜವಲ್ಲ. ಒಮ್ಮೆ ಬೆಳೆದು ಗಟ್ಟಿಯಾದ ಹಲ್ಲಿನ ಖನಿಜವನ್ನು ದೇಹ ಹಾಗೆ ಹಿಂದಕ್ಕೆ ಪಡೆಯಲಾರದು. ಈ ನಂಬಿಕೆಯನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಹಲ್ಲು ಹೋಗುವುದು ತಾಯ್ತನದ ಸಹಜ ಬೆಲೆ ಎಂದು ಯಾರಾದರೂ ನಂಬಿದರೆ, ಅದನ್ನು ತಡೆಯಲು ವೈದ್ಯರ ಬಳಿಗೆ ಹೋಗಬೇಕೆಂದು ಅವರಿಗೆ ತೋಚುವುದೇ ಇಲ್ಲ.

ಮಕ್ಕಳು ಹೆಚ್ಚಿದಂತೆ ಹಲ್ಲು ಕಡಿಮೆಯಾಗುವುದೇ?

ಹಾಗೆಂದು, ಒಂದೊಂದು ಮಗುವಿಗೂ ಒಂದೊಂದು ಹಲ್ಲು ಹೋಗುತ್ತದೆ ಎಂಬ ಹಳೆಯ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತೆಯೂ ಇಲ್ಲ. ಮಾತಿನ ಹಿಂದಿನ ಕಾರಣ ತಪ್ಪಿರಬಹುದು, ಕಣ್ಣಿಗೆ ಕಂಡದ್ದು ತಪ್ಪಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಬಳಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹೆಚ್ಚು ಮಕ್ಕಳನ್ನು ಹೆತ್ತವರಲ್ಲಿ ಬಿದ್ದುಹೋದ ಹಲ್ಲುಗಳೂ ಹೆಚ್ಚಾಗಿದ್ದವು. ಆದರೆ ಇಂತಹ ಸಮೀಕ್ಷೆಗಳಲ್ಲಿ ಒಂದು ತೊಡಕಿದೆ. ಬಡತನ ಮತ್ತು ಕಡಿಮೆ ಓದು ಮಕ್ಕಳ ಸಂಖ್ಯೆಯನ್ನೂ ಪ್ರಭಾವಿಸುತ್ತವೆ, ಹಲ್ಲಿನ ಸ್ಥಿತಿಯನ್ನೂ ಪ್ರಭಾವಿಸುತ್ತವೆ. ಹೀಗಿರುವಾಗ ಹಲ್ಲು ಕಳೆದದ್ದು ಹೆರಿಗೆಯಿಂದಲೋ ಬಡತನದಿಂದಲೋ ಎಂದು ಬೇರ್ಪಡಿಸುವುದು ಹೇಗೆ?

ಯುರೋಪಿನ 14 ದೇಶಗಳು ಮತ್ತು ಇಸ್ರೇಲಿನ ಐವತ್ತು ದಾಟಿದವರ ಮಾಹಿತಿಯನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಜಾಣ ಉಪಾಯವೊಂದನ್ನು ಕಂಡುಕೊಂಡಿತು. ಮೊದಲಿನ ಎರಡೂ ಮಕ್ಕಳು ಹೆಣ್ಣೇ ಅಥವಾ ಎರಡೂ ಗಂಡೇ ಆದ ದಂಪತಿಗಳು ಮೂರನೆಯ ಮಗುವಿಗೆ ಮುಂದಾಗುವುದು ಹೆಚ್ಚು. ಮಕ್ಕಳ ಲಿಂಗ ಆಕಸ್ಮಿಕವಾದದ್ದರಿಂದ, ತಾಯಿ ಬಡವಳೋ ಸಿರಿವಂತಳೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಆಕಸ್ಮಿಕವನ್ನು ಬಳಸಿಕೊಂಡು ಲೆಕ್ಕ ಹಾಕಿದಾಗ, ಮೂರನೆಯ ಮಗುವನ್ನು ಪಡೆದ ತಾಯಂದಿರಿಗೆ ಇಬ್ಬರು ಮಕ್ಕಳ ತಾಯಂದಿರಿಗಿಂತ ಸರಾಸರಿ ಸುಮಾರು ನಾಲ್ಕು ಹಲ್ಲು ಕಡಿಮೆ ಇದ್ದವೆಂದು ಕಂಡುಬಂತು. ತಂದೆಯರಲ್ಲಿ ಇಂತಹ ಸ್ಪಷ್ಟ ಪರಿಣಾಮ ಕಾಣಲಿಲ್ಲ.

ಇದರರ್ಥ ಕಾರಣ ಪೂರ್ತಿಯಾಗಿ ಜೈವಿಕ ಎಂದೇ? ಹಾಗೆ ತೀರ್ಮಾನಿಸುವುದು ಆತುರವಾದೀತು. ಗರ್ಭ, ಹೆರಿಗೆ, ಹಾಲೂಡಿಸುವುದು ಮಾತ್ರ ತಾಯಿಯ ಪಾಲಿಗೆ ಬರುವಂಥದ್ದಲ್ಲ. ರಾತ್ರಿ ನಿದ್ದೆಗೆಡುವುದು, ಸರಿಯಾದ ಹೊತ್ತಿಗೆ ಉಣ್ಣದಿರುವುದು, ತನ್ನ ಹಲ್ಲುನೋವನ್ನು ನಾಳೆಗೆ ಮುಂದೂಡುತ್ತ ಹೋಗುವುದು ಇವೆಲ್ಲವೂ ಹೆಚ್ಚಾಗಿ ಆಕೆಯ ಪಾಲಿಗೇ ಬರುತ್ತವೆ. ತಂದೆಗೂ ತಾಯಿಗೂ ಇರುವ ಈ ಅಂತರದಲ್ಲಿ ದೇಹದ ಪಾಲೆಷ್ಟು, ಆರೈಕೆಯ ಹೊರೆಯನ್ನು ಮನೆಗಳಲ್ಲಿ ಹಂಚಿಕೊಂಡ ರೀತಿಯ ಪಾಲೆಷ್ಟು ಎಂದು ಆ ಅಂಕಿಗಳಷ್ಟೇ ಹೇಳಲಾರವು. ಎರಡೂ ಸೇರಿಯೇ ಕೆಲಸ ಮಾಡುತ್ತವೆ ಎಂಬುದು ನನ್ನ ಎಣಿಕೆ.

ಸಾಮಾಜಿಕ ಕಾರಣಗಳು ಬಾಯಿಯನ್ನು ತಲುಪುವ ದಾರಿ

ಜನರು ಹುಟ್ಟುವ, ಬೆಳೆಯುವ, ಬದುಕುವ, ದುಡಿಯುವ ಮತ್ತು ಮುಪ್ಪಾಗುವ ಪರಿಸ್ಥಿತಿಗಳೇ ಅವರ ಆರೋಗ್ಯವನ್ನು ರೂಪಿಸುತ್ತವೆ ಎಂಬ ವಿಚಾರವನ್ನು, ಮೈಕೆಲ್ ಮಾರ್ಮಟ್ ಅವರ ಅಧ್ಯಕ್ಷತೆಯ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2008ರ ತನ್ನ ವರದಿಯಲ್ಲಿ ವಿಸ್ತಾರವಾಗಿ ಮಂಡಿಸಿತು. ಹಲ್ಲಿನ ವಿಷಯದಲ್ಲಿ ಈ ಮಾತು ಬೇರೆ ಅನೇಕ ಕಾಯಿಲೆಗಳಿಗಿಂತ ಹೆಚ್ಚು ಅನ್ವಯಿಸುತ್ತದೆ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನ ಬಾಯಿಯ ಯಾವುದಾದರೊಂದು ಕಾಯಿಲೆಯಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿದೆ. ಈ ಹೊರೆ ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ಅತಿ ಬಡವರಿಗೆ ಮಾತ್ರ ಹುಳುಕು, ಉಳಿದವರಿಗೆ ಒಳ್ಳೆಯ ಹಲ್ಲು ಎಂಬ ಎರಡು ಪಾಲುಗಳೂ ಇಲ್ಲ. ಆದಾಯ ಮತ್ತು ಓದಿನ ಮೆಟ್ಟಿಲನ್ನು ಒಂದೊಂದಾಗಿ ಇಳಿದಂತೆ ಬಾಯಿಯ ಸ್ಥಿತಿಯೂ ಒಂದೊಂದು ಮೆಟ್ಟಿಲು ಇಳಿಯುತ್ತದೆ.

ಗರ್ಭಿಣಿಯಾಗುವ ಹೊತ್ತಿಗೆ ಒಬ್ಬ ಮಹಿಳೆಯ ಬಾಯಿ ಎರಡು ಮೂರು ದಶಕಗಳ ಬದುಕನ್ನು ಕಂಡಿರುತ್ತದೆ. ಬಾಲ್ಯದಲ್ಲಿ ಫ್ಲೋರೈಡ್ ಇರುವ ಟೂತ್‌ಪೇಸ್ಟು ಸಿಕ್ಕಿತೇ, ಶಾಲೆಯಲ್ಲಿ ಹಲ್ಲು ತಪಾಸಣೆ ನಡೆಯುತ್ತಿತ್ತೇ, ಹಲ್ಲು ನೋಯದಿದ್ದರೂ ದಂತವೈದ್ಯರ ಬಳಿ ಕರೆದೊಯ್ಯುವ ರೂಢಿ ಮನೆಯಲ್ಲಿತ್ತೇ ಎಂಬ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳೆಲ್ಲ ಅಲ್ಲಿ ಕೂಡಿಕೊಂಡಿರುತ್ತವೆ. ಹಾಗಾಗಿ ಮೊದಲ ತಪಾಸಣೆಗೆ ಬಂದ ಗರ್ಭಿಣಿಗೆ ‘ದಿನಕ್ಕೆ ಎರಡು ಸಲ ಹಲ್ಲುಜ್ಜಿ’ ಎಂದು ಹೇಳಿ ಕಳುಹಿಸುವುದು, ಇಪ್ಪತ್ತು ವರ್ಷಗಳ ಬಾಕಿಯನ್ನು ಒಂದೇ ಮಾತಿನಲ್ಲಿ ತೀರಿಸಿಬಿಡಲು ಹೊರಟಂತೆ. ಆ ಮಾತು ಅಗತ್ಯ. ಆದರೆ ಆಗಲೇ ಕಟ್ಟಿರುವ ಕಿಟ್ಟವನ್ನು ಅದು ತೆಗೆಯುವುದಿಲ್ಲ.

ಹಣದ ಪ್ರಶ್ನೆ ಎಲ್ಲಕ್ಕಿಂತ ನೇರವಾದದ್ದು. ಬಹಳಷ್ಟು ದೇಶಗಳಲ್ಲಿ ಹೆರಿಗೆಯ ಆರೈಕೆಗೆ ಸರ್ಕಾರದ ಅಥವಾ ವಿಮೆಯ ನೆರವು ಇರುತ್ತದೆ, ಹಲ್ಲಿನ ಚಿಕಿತ್ಸೆಗೆ ಇರುವುದಿಲ್ಲ, ಇಲ್ಲವೇ ಅರೆಬರೆ ಇರುತ್ತದೆ. ಒಂದೇ ದೇಹದ ಬಾಯಿಯೊಂದನ್ನು ಬೇರೆ ಮಾಡಿ, ಅದರ ಖರ್ಚನ್ನು ಆಕೆಯೇ ನೋಡಿಕೊಳ್ಳಲಿ ಎಂದು ಬಿಟ್ಟಂತಾಯಿತು. ಹೆರಿಗೆಯ ಖರ್ಚಿಗಾಗಿ ಕುಟುಂಬ ಕಾಸು ಕಾಸು ಕೂಡಿಡುತ್ತಿರುವ ಹೊತ್ತಿನಲ್ಲಿ, ರಕ್ತ ಬರುತ್ತಿದ್ದರೂ ನೋವಿಲ್ಲದ ವಸಡಿಗೆ ಯಾರೂ ಹಣ ತೆಗೆದಿಡುವುದಿಲ್ಲ. ವಸಡಿನ ರೋಗ ಮುಂದುವರಿದ ಹಂತದವರೆಗೂ ಹೆಚ್ಚು ನೋಯುವುದಿಲ್ಲವೆಂಬುದು ಇಲ್ಲಿ ರೋಗಿಗೆ ವಿರುದ್ಧವಾಗಿಯೇ ಕೆಲಸ ಮಾಡುತ್ತದೆ. ನೋಯುವ ಹೊತ್ತಿಗೆ ಚಿಕಿತ್ಸೆ ಉದ್ದವಾಗಿರುತ್ತದೆ, ದುಬಾರಿಯೂ ಆಗಿರುತ್ತದೆ.

ಸಮಯವೂ ಹಣದಂತೆಯೇ ಅಸಮನಾಗಿ ಹಂಚಿಹೋಗಿದೆ. ತಿಂಗಳ ಸಂಬಳದ ನೌಕರಿಯಲ್ಲಿರುವವಳು ಅರ್ಧ ದಿನ ರಜೆ ಹಾಕಿ ದಂತವೈದ್ಯರ ಬಳಿಗೆ ಹೋಗಿಬರಬಹುದು. ದಿನಗೂಲಿಯವಳಿಗೆ ಆ ಅರ್ಧ ದಿನವೆಂದರೆ ಅರ್ಧ ದಿನದ ಕೂಲಿ. ವಸಡಿನ ಚಿಕಿತ್ಸೆ ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಅದನ್ನು ಯಾರ ಬಳಿ ಬಿಡುವುದು, ದೂರದ ಆಸ್ಪತ್ರೆಗೆ ಜೊತೆಗೆ ಯಾರು ಬರುತ್ತಾರೆ ಎಂಬ ಪ್ರಶ್ನೆಗಳು ಇದರ ಮೇಲೆ ಸೇರುತ್ತವೆ. ತನ್ನ ಚಿಕಿತ್ಸೆಯ ಬಗ್ಗೆ ತಾನೇ ತೀರ್ಮಾನ ತೆಗೆದುಕೊಳ್ಳುವ ಅಧಿಕಾರವಿಲ್ಲದ ಮನೆಯಲ್ಲಿ, ಗಂಡನೋ ಹಿರಿಯರೋ ಒಪ್ಪಬೇಕು. ಗರ್ಭದ ತಪಾಸಣೆಗೆ ಸುಲಭವಾಗಿ ಸಿಗುವ ಒಪ್ಪಿಗೆ ಹಲ್ಲಿಗೆ ಸಿಗುವುದಿಲ್ಲ, ಏಕೆಂದರೆ ಮೊದಲನೆಯದು ಮಗುವಿಗಾಗಿ, ಎರಡನೆಯದು ತಾಯಿಗಾಗಿ ಎಂದು ಮನೆಯವರು ಎಣಿಸುತ್ತಾರೆ.

ಆಹಾರದ ವಿಷಯದಲ್ಲಿ ಉಪದೇಶ ಸುಲಭ, ಪಾಲನೆ ಕಷ್ಟ. ದಿನದ ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ (ಸೇರಿಸಿದ ಸಕ್ಕರೆ ಮತ್ತು ಜೇನು, ಹಣ್ಣಿನ ರಸಗಳಲ್ಲಿರುವ ಸಕ್ಕರೆ) ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿದೆ. ಆದರೆ ಕಡಿಮೆ ಕಾಸಿಗೆ ಹೊಟ್ಟೆ ತುಂಬಿಸುವ, ಕೆಡದೆ ಬಹುಕಾಲ ಉಳಿಯುವ, ಕೆಲಸದ ನಡುವೆ ಬಾಯಿಗೆ ಹಾಕಿಕೊಳ್ಳಬಹುದಾದ ಪದಾರ್ಥಗಳಲ್ಲಿ ಹೆಚ್ಚಿನವು ಸಕ್ಕರೆ ಮತ್ತು ಮೈದಾ ತುಂಬಿದವುಗಳೇ. ಹಣ್ಣು, ತರಕಾರಿ, ಹಾಲು, ಬೇಳೆಕಾಳುಗಳನ್ನು ದಿನವೂ ಕೊಳ್ಳಲಾಗದ ಮನೆಯಲ್ಲಿ ವಾಕರಿಕೆಯನ್ನು ತಡೆಯಲು ಗರ್ಭಿಣಿಯ ಕೈಗೆ ಸಿಗುವುದೂ ಅಂಥವೇ.

ಮಾನಸಿಕ ಒತ್ತಡವನ್ನು ಈ ಚರ್ಚೆಯಿಂದ ಹೊರಗಿಡಲಾಗದು. ಸಾಲ, ಕೆಲಸ ಹೋಗುವ ಭಯ, ಮನೆಯೊಳಗಿನ ಹಿಂಸೆ, ಬಯಸದೇ ಬಂದ ಗರ್ಭ ಇಂಥವು ತಿಂಗಳುಗಟ್ಟಲೆ ಮುಂದುವರಿದರೆ ಒತ್ತಡದ ಹಾರ್ಮೋನುಗಳು ರೋಗನಿರೋಧಕ ವ್ಯವಸ್ಥೆಯ ಮೇಲೆ ಪರಿಣಾಮ ಬೀರುತ್ತವೆ. ಅದಕ್ಕಿಂತ ನೇರವಾದ ಪರಿಣಾಮ ದಿನಚರಿಯ ಮೇಲೆ ಆಗುತ್ತದೆ: ಖಿನ್ನತೆಗೆ ಒಳಗಾದವರು ಮೊದಲು ಕೈಬಿಡುವ ಕೆಲಸಗಳಲ್ಲಿ ಹಲ್ಲುಜ್ಜುವುದೂ ಒಂದು. ತಂಬಾಕಿನ ಚಟವೂ ಒತ್ತಡದ ಜೊತೆಯಲ್ಲೇ ಬರುವುದುಂಟು. ಧೂಮಪಾನ ವಸಡಿನ ರೋಗವನ್ನು ಉಲ್ಬಣಗೊಳಿಸುವುದಲ್ಲದೆ, ವಸಡಿನಿಂದ ರಕ್ತ ಬರುವುದನ್ನು ಕಡಿಮೆ ಮಾಡಿ ರೋಗದ ಮೊದಲ ಎಚ್ಚರಿಕೆಯನ್ನೇ ಮರೆಮಾಚುತ್ತದೆ.

ಓದಿನ ಪಾತ್ರವನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು. ಹೆಚ್ಚು ಓದಿದವರು ಹೆಚ್ಚು ಜಾಗರೂಕರು, ಓದದವರು ಅಜಾಗರೂಕರು ಎಂಬ ಸಸಾರದ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಓದು ತಿಳಿವಳಿಕೆಯ ಜೊತೆಗೆ ಒಳ್ಳೆಯ ಕೆಲಸವನ್ನೂ, ವೈದ್ಯರೊಡನೆ ಅಳುಕಿಲ್ಲದೆ ಮಾತಾಡುವ ಧೈರ್ಯವನ್ನೂ, ‘ಈಗ ಬೇಡ, ಹೆರಿಗೆ ಆದ ಮೇಲೆ ಬನ್ನಿ’ ಎಂದು ವಾಪಸು ಕಳುಹಿಸಿದರೆ ಇನ್ನೊಬ್ಬ ವೈದ್ಯರನ್ನು ಹುಡುಕಿಕೊಂಡು ಹೋಗುವ ಹಟವನ್ನೂ ಕೊಡುತ್ತದೆ. ವಲಸೆ ಬಂದವರಿಗೆ, ಆಸ್ಪತ್ರೆಯ ಭಾಷೆ ಬಾರದವರಿಗೆ, ಹದಿಹರೆಯದಲ್ಲೇ ಬಸಿರಾದವರಿಗೆ ಇಲ್ಲದಿರುವುದು ಬಹಳ ಸಲ ತಿಳಿವಳಿಕೆಗಿಂತ ಹೆಚ್ಚಾಗಿ ಈ ಧೈರ್ಯ. ಹಾಳಾದ ಹಲ್ಲನ್ನು ತೋರಿಸಿಕೊಳ್ಳಲು ನಾಚಿಕೆಪಡುವವರೂ ಇದ್ದಾರೆ. ಬಾಯಿ ತೆರೆದ ಕೂಡಲೇ ಬೈಸಿಕೊಂಡವರು ಮತ್ತೆ ಆ ಕಡೆ ಸುಳಿಯುವುದಿಲ್ಲ.

ಬಾಗಿಲಲ್ಲೇ ನಿಲ್ಲಿಸುವ ವ್ಯವಸ್ಥೆ

ಇಷ್ಟೆಲ್ಲ ದಾಟಿ ದಂತವೈದ್ಯರ ಬಳಿಗೆ ಬಂದವಳಿಗೆ ಚಿಕಿತ್ಸೆ ಸಿಕ್ಕೇ ಸಿಗುತ್ತದೆ ಎಂದೇನೂ ಇಲ್ಲ. ಗರ್ಭಾವಸ್ಥೆಯಲ್ಲಿ ಹಲ್ಲಿನ ಚಿಕಿತ್ಸೆ ಮಗುವಿಗೆ ಅಪಾಯಕಾರಿ ಎಂಬ ಭಯ ಸಾಮಾನ್ಯ ಜನರಲ್ಲಷ್ಟೇ ಅಲ್ಲದೆ ಕೆಲವು ವೈದ್ಯರಲ್ಲೂ ಉಳಿದುಕೊಂಡಿದೆ. ದಂತವೈದ್ಯರು ಪ್ರಸೂತಿ ತಜ್ಞರಿಂದ ಪತ್ರ ತನ್ನಿ ಎನ್ನುತ್ತಾರೆ; ಪ್ರಸೂತಿ ತಜ್ಞರು ಹಲ್ಲಿನ ವಿಷಯ ನಮಗೆ ಸಂಬಂಧಿಸಿದ್ದಲ್ಲ ಎನ್ನುತ್ತಾರೆ. ಇಬ್ಬರ ನಡುವೆ ಓಡಾಡುವಷ್ಟರಲ್ಲಿ ದಿನಗಳು ತುಂಬುತ್ತವೆ.

ಈ ಭಯಕ್ಕೆ ಆಧಾರ ಕಡಿಮೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2013ರಲ್ಲಿ ಪ್ರಕಟಿಸಿದ ಅಭಿಪ್ರಾಯದಲ್ಲಿ, ಗರ್ಭಾವಸ್ಥೆಯಲ್ಲಿ ಹಲ್ಲಿನ ತಪಾಸಣೆ, ಸ್ವಚ್ಛತೆ, ಹೊಟ್ಟೆ ಮತ್ತು ಕುತ್ತಿಗೆಗೆ ರಕ್ಷಾಕವಚ ಹಾಕಿ ತೆಗೆಯುವ ಎಕ್ಸ್‌ರೇ, ಲಿಡೊಕೇನ್‌ನಂತಹ ಸ್ಥಳೀಯ ಅರಿವಳಿಕೆ ಇವೆಲ್ಲ ಸುರಕ್ಷಿತವೆಂದು ಸ್ಪಷ್ಟವಾಗಿ ಹೇಳಿದೆ. ಹಲ್ಲಿನ ಚಿಕಿತ್ಸೆಗಾಗಿ ಅರಿವಳಿಕೆ ಪಡೆದ ಗರ್ಭಿಣಿಯರನ್ನು ಪಡೆಯದವರೊಡನೆ ಹೋಲಿಸಿ ಇಸ್ರೇಲಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳ ಗಂಭೀರ ಜನ್ಮದೋಷಗಳಲ್ಲಿ ಯಾವ ಗಮನಾರ್ಹ ವ್ಯತ್ಯಾಸವೂ ಕಂಡುಬರಲಿಲ್ಲ. ಮುಂಚೆಯೇ ಯೋಜಿಸಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ ನಡುವಿನ ಮೂರು ತಿಂಗಳು ಹೆಚ್ಚು ಅನುಕೂಲ: ಆ ಹೊತ್ತಿಗೆ ವಾಂತಿ ಇಳಿದಿರುತ್ತದೆ, ಹೊಟ್ಟೆಯ ಭಾರ ಇನ್ನೂ ಅಷ್ಟಾಗಿ ಹೆಚ್ಚಿರುವುದಿಲ್ಲ. ನಂತರದ ತಿಂಗಳುಗಳಲ್ಲಿ ಅಂಗಾತ ಮಲಗಿಸುವ ಬದಲು ಸ್ವಲ್ಪ ಎಡಕ್ಕೆ ವಾಲಿಸಿ ಕೂರಿಸಿದರೆ ದೊಡ್ಡ ರಕ್ತನಾಳಗಳ ಮೇಲೆ ಗರ್ಭಕೋಶದ ಒತ್ತಡ ಬೀಳುವುದಿಲ್ಲ. ಕೀವು, ತೀವ್ರ ನೋವು, ಊತ ಇದ್ದರೆ ತಿಂಗಳ ಲೆಕ್ಕ ನೋಡದೆ ಕೂಡಲೇ ಚಿಕಿತ್ಸೆ ಕೊಡಬೇಕು.

ಚಿಕಿತ್ಸೆ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು ಈ ಭಯದವರು ಯೋಚಿಸುವುದಿಲ್ಲ. ನೋವು ಕಾಯುವುದಿಲ್ಲ, ಔಷಧದ ಅಂಗಡಿಯಿಂದ ಮಾತ್ರೆ ಬರುತ್ತದೆ. ಇಬುಪ್ರೊಫೇನ್ ಗುಂಪಿನ ನೋವುನಿವಾರಕಗಳನ್ನು ಗರ್ಭದ 20ನೆಯ ವಾರದಿಂದ ಮುಂದೆ ವೈದ್ಯರ ಸಲಹೆಯಿಲ್ಲದೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ, ಏಕೆಂದರೆ ಅವು ಭ್ರೂಣದ ಮೂತ್ರಪಿಂಡಗಳಿಗೆ ತೊಂದರೆ ಮಾಡಬಲ್ಲವು. ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಹುಟ್ಟುವ ಮಗುವಿನ ಹಲ್ಲಿಗೆ ಬಣ್ಣ ಕಟ್ಟಿಸುತ್ತವೆ. ಮಗುವಿಗೆ ಅಪಾಯವೆಂದು ಹೆದರಿ ದಂತವೈದ್ಯರನ್ನು ತಪ್ಪಿಸಿದವಳು, ಕೊನೆಗೆ ಅದಕ್ಕಿಂತ ದೊಡ್ಡ ಅಪಾಯವನ್ನು ತಿಳಿಯದೆಯೇ ನುಂಗುವ ಸ್ಥಿತಿಗೆ ಬರುತ್ತಾಳೆ.

ಅವಧಿಗೆ ಮುನ್ನ ಹೆರಿಗೆ: ಒಂದು ಪಾಠ

ವಸಡಿನ ರೋಗಕ್ಕೂ ಅವಧಿಗೆ ಮುನ್ನ ಆಗುವ ಹೆರಿಗೆಗೂ ಇರುವ ಸಂಬಂಧದ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಸಾಮಾಜಿಕ ಕಾರಣಗಳನ್ನು ಮರೆತರೆ ವಿಜ್ಞಾನವೂ ಹೇಗೆ ದಾರಿ ತಪ್ಪಬಹುದು ಎಂಬುದಕ್ಕೆ ಅದೊಂದು ಉದಾಹರಣೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಸ್ಟೀವನ್ ಆಫೆನ್‌ಬಾಕರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ, ವಸಡಿನ ತೀವ್ರ ರೋಗವಿದ್ದ ತಾಯಂದಿರಲ್ಲಿ ಅವಧಿಪೂರ್ವ ಹೆರಿಗೆಯೂ ಕಡಿಮೆ ತೂಕದ ಶಿಶುಗಳೂ ಬಹಳ ಹೆಚ್ಚೆಂದು ತೋರಿಸಿ ಗಮನ ಸೆಳೆಯಿತು. ವಸಡಿನ ಸೋಂಕಿನಿಂದ ಹೊರಡುವ ಉರಿಯೂತದ ರಾಸಾಯನಿಕಗಳು ರಕ್ತದ ಮೂಲಕ ಗರ್ಭಕೋಶವನ್ನು ತಲುಪಿ ಹೆರಿಗೆಯನ್ನು ಅವಧಿಗೆ ಮುನ್ನವೇ ತರುತ್ತವೆ ಎಂಬ ವಿವರಣೆ ತರ್ಕಬದ್ಧವಾಗಿಯೇ ಇತ್ತು. ಹಾಗಾದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಅವಧಿಪೂರ್ವ ಹೆರಿಗೆ ತಪ್ಪಬೇಕಲ್ಲವೇ?

ಇದನ್ನೇ ಪರೀಕ್ಷಿಸಿದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2006ರಲ್ಲಿ ಬಂತು. ವಸಡಿನ ರೋಗವಿದ್ದ 823 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ 21 ವಾರ ತುಂಬುವ ಮೊದಲೇ, ಉಳಿದವರಿಗೆ ಹೆರಿಗೆಯ ನಂತರ ಚಿಕಿತ್ಸೆ ಕೊಡಲಾಗಿತ್ತು. ಮೊದಲ ಗುಂಪಿನವರ ವಸಡು ಸುಧಾರಿಸಿತು, ಚಿಕಿತ್ಸೆಯಿಂದ ಯಾರಿಗೂ ಹಾನಿಯಾದಂತೆ ಕಾಣಲಿಲ್ಲ. ಆದರೆ ಅವಧಿಪೂರ್ವ ಹೆರಿಗೆಯ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ನಂತರ ಬಂದ ಇತರ ದೊಡ್ಡ ಪ್ರಯೋಗಗಳೂ ಇದೇ ದಿಕ್ಕನ್ನು ತೋರಿಸಿದವು.

ಇದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಗರ್ಭ ನಿಂತ ಮೇಲೆ ಶುರುಮಾಡಿದ ಚಿಕಿತ್ಸೆ ತಡವಾಗಿರಬಹುದು ಎಂಬುದು ಒಂದು. ಇನ್ನೊಂದು, ನನಗೆ ಹೆಚ್ಚು ತೂಕದ್ದಾಗಿ ಕಾಣುವಂಥದ್ದು, ಬಡತನ, ಧೂಮಪಾನ, ದೀರ್ಘಕಾಲದ ಒತ್ತಡ, ಪೌಷ್ಟಿಕ ಆಹಾರದ ಕೊರತೆ ಇವು ವಸಡನ್ನೂ ಕೆಡಿಸುತ್ತವೆ, ಹೆರಿಗೆಯನ್ನೂ ಅವಧಿಗೆ ಮುನ್ನ ತರುತ್ತವೆ ಎಂಬುದು. ಒಂದೇ ಬೇರಿನಿಂದ ಎರಡು ತೊಂದರೆಗಳು ಚಿಗುರಿದಾಗ ಒಂದನ್ನು ಸರಿಪಡಿಸಿದ ಮಾತ್ರಕ್ಕೆ ಇನ್ನೊಂದು ಸರಿಹೋಗುವುದಿಲ್ಲ. ಹೀಗಾಗಿ ವಸಡಿಗೆ ಚಿಕಿತ್ಸೆ ಮಾಡಿಸಿಕೊಳ್ಳದಿದ್ದರೆ ಮಗು ಬೇಗ ಹುಟ್ಟುತ್ತದೆಂದು ಗರ್ಭಿಣಿಯರನ್ನು ಹೆದರಿಸುವ ಜಾಹೀರಾತುಗಳು ಲಭ್ಯ ಪುರಾವೆಯನ್ನು ಮೀರಿ ಮಾತಾಡುತ್ತಿವೆ. ಹೆರಿಗೆಯ ಕಾರಣವನ್ನು ಎತ್ತದೆಯೂ ಆಕೆಯ ಹಲ್ಲಿಗೆ ಚಿಕಿತ್ಸೆ ದೊರೆಯಬೇಕು. ತಾಯಿಯ ನೋವು ಮಗುವಿಗೆ ತಟ್ಟಿದಾಗಷ್ಟೇ ಲೆಕ್ಕಕ್ಕೆ ಬರುತ್ತದೆ ಎಂಬ ಧೋರಣೆಯೇ ಈ ಇಡೀ ಸಮಸ್ಯೆಯ ಭಾಗವಾಗಿದೆ.

ಮಾಹಿತಿ ಮತ್ತು ಸೌಲಭ್ಯ: ಯಾವುದರಿಂದ ಎಷ್ಟು?

ಇನ್ನು ಪರಿಹಾರದ ಮಾತು. ಜನರಿಗೆ ತಿಳಿವಳಿಕೆ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆಂದು ಆರೋಗ್ಯ ಇಲಾಖೆಗಳು ಎಲ್ಲ ಕಡೆಯೂ ನಂಬುತ್ತವೆ. ಕರಪತ್ರ ಅಗ್ಗ, ಕ್ಲಿನಿಕ್ಕು ದುಬಾರಿ ಎಂಬುದು ಈ ನಂಬಿಕೆಗೆ ಒಂದಿಷ್ಟು ಕಾರಣವಿರಬಹುದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ನೇರವಾಗಿ ಅಳೆದು ನೋಡಿತು. ಗರ್ಭಿಣಿಯರನ್ನು ಮೂರು ಗುಂಪು ಮಾಡಲಾಯಿತು. ಮೊದಲ ಗುಂಪಿಗೆ ವಾಡಿಕೆಯ ಆರೈಕೆ. ಎರಡನೆಯ ಗುಂಪಿನವರ ಬಾಯಿಯನ್ನು ತರಬೇತಿ ಪಡೆದ ಸೂಲಗಿತ್ತಿ ದಾದಿಯರೇ ತಪಾಸಣೆಯ ವೇಳೆ ನೋಡಿ, ತಿಳಿವಳಿಕೆ ಹೇಳಿ, ದಂತವೈದ್ಯರ ಬಳಿಗೆ ಹೋಗುವಂತೆ ಸೂಚಿಸಿದರು. ಮೂರನೆಯ ಗುಂಪಿಗೆ ಇದರ ಜೊತೆಗೆ ಖರ್ಚಿಲ್ಲದೆ ಹಲ್ಲಿನ ಚಿಕಿತ್ಸೆಯೂ ಸಿಗುವ ಏರ್ಪಾಡಾಯಿತು. ದಂತವೈದ್ಯರನ್ನು ಕಂಡವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ ಸುಮಾರು 20, ಎರಡನೆಯದರಲ್ಲಿ 28, ಮೂರನೆಯದರಲ್ಲಿ 87.

ಈ ಮೂರು ಅಂಕಿಗಳು ಹೇಳುವುದನ್ನು ನಿಧಾನವಾಗಿ ಓದಬೇಕು. ತಿಳಿವಳಿಕೆಯಿಂದ ಆದ ಏರಿಕೆ ಎಂಟು ಅಂಶ. ತಿಳಿವಳಿಕೆಗೆ ಸೌಲಭ್ಯವೂ ಸೇರಿದಾಗ ಆದ ಏರಿಕೆ ಅದರ ಸುಮಾರು ಎಂಟು ಪಟ್ಟು. ಗರ್ಭಿಣಿಯರು ಹಲ್ಲಿನ ಬಗ್ಗೆ ಅಸಡ್ಡೆಯವರು ಎಂಬ ದೂರಿಗೆ ಇಲ್ಲಿ ಜಾಗವೇ ಉಳಿಯುವುದಿಲ್ಲ. ಬಾಗಿಲು ತೆರೆದಿದ್ದಾಗ ಹತ್ತರಲ್ಲಿ ಒಂಬತ್ತರ ಹತ್ತಿರ ಮಂದಿ ಒಳಗೆ ಬಂದರು. ದಂತವೈದ್ಯರಿಗಿಂತ ಮೊದಲು ಸೂಲಗಿತ್ತಿಯರೇ ಬಾಯಿ ನೋಡಿದ್ದೂ ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಶಿಫಾರಸಿನಂತೆ ಗರ್ಭಿಣಿ ಕನಿಷ್ಠ ಎಂಟು ಸಲ ಆರೋಗ್ಯ ಸಿಬ್ಬಂದಿಯನ್ನು ಕಾಣಬೇಕು. ಆ ಎಂಟರಲ್ಲಿ ಒಮ್ಮೆ, ವಸಡಿನಿಂದ ರಕ್ತ ಬರುತ್ತಿದೆಯೇ, ಹಲ್ಲು ನೋಯುತ್ತಿದೆಯೇ, ಕೊನೆಯ ಬಾರಿ ದಂತವೈದ್ಯರನ್ನು ಕಂಡದ್ದು ಯಾವಾಗ ಎಂದು ಕೇಳಿ ಬರೆದುಕೊಳ್ಳಲು ಎರಡು ನಿಮಿಷ ಸಾಕು.

ಉಚಿತ ಚಿಕಿತ್ಸೆಯನ್ನು ಕಾಗದದ ಮೇಲೆ ಘೋಷಿಸಿದರೂ ಸಾಲದು ಎಂಬುದಕ್ಕೆ ಇಂಗ್ಲೆಂಡ್ ನಿದರ್ಶನ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಗರ್ಭಿಣಿಯರಿಗೂ, ಹೆರಿಗೆಯ ನಂತರ 12 ತಿಂಗಳವರೆಗೆ ತಾಯಂದಿರಿಗೂ ಹಲ್ಲಿನ ಚಿಕಿತ್ಸೆ ಉಚಿತ. ಆದರೆ ಆ ಸೇವೆಯಡಿ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ದಂತವೈದ್ಯರು ಸಿಗುವುದೇ ಅನೇಕ ಪ್ರದೇಶಗಳಲ್ಲಿ ಕಷ್ಟವಾಗಿದೆ. ಹಕ್ಕು ಇರುವುದು ಒಂದು, ಅದನ್ನು ಚಲಾಯಿಸಲು ಕುರ್ಚಿ ಖಾಲಿ ಇರುವುದು ಇನ್ನೊಂದು.

ಸೌಲಭ್ಯ ಬರುವವರೆಗೆ ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಸ್ವಲ್ಪವೇ ಇದೆ, ಆದರೆ ಅದು ಉಪಯುಕ್ತ. ವಾಂತಿಯಾದ ಕೂಡಲೇ ಹಲ್ಲುಜ್ಜಬಾರದು. ಆಮ್ಲದಿಂದ ಮೆತ್ತಗಾದ ಎನಾಮಲ್ ಇನ್ನಷ್ಟು ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜುವುದು ಒಳ್ಳೆಯದು. ಮೆತ್ತನೆಯ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಬಳಸಬೇಕು. ಪೇಸ್ಟಿನ ವಾಸನೆಗೆ ವಾಕರಿಕೆ ಬಂದರೆ ಪೇಸ್ಟು ಬದಲಿಸಿಯಾದರೂ ಉಜ್ಜುವುದನ್ನು ಮುಂದುವರಿಸಬೇಕು. ರಕ್ತ ಬರುತ್ತದೆಂದು ಹೆದರಿ ಉಜ್ಜುವುದನ್ನು ಬಿಟ್ಟರೆ ಪ್ಲಾಕ್ ಹೆಚ್ಚಿ ರಕ್ತವೂ ಹೆಚ್ಚಾಗುತ್ತದೆ. ಕೆಲವರಿಗೆ ಹಲ್ಲುಗಳ ನಡುವೆ ಕೆಂಪಗಿನ ಗಂಟು ಬೆಳೆಯುತ್ತದೆ. ಅದು ಕ್ಯಾನ್ಸರ್ ಅಲ್ಲ, ಹೆರಿಗೆಯ ನಂತರ ಸಾಮಾನ್ಯವಾಗಿ ಕುಗ್ಗುತ್ತದೆ; ಆದರೂ ಒಮ್ಮೆ ವೈದ್ಯರಿಗೆ ತೋರಿಸಬೇಕು.

ಹೆರಿಗೆಯ ನಂತರದ ಕಾಲವನ್ನು ಹೆಚ್ಚಿನ ಯೋಜನೆಗಳು ಮರೆತುಬಿಡುತ್ತವೆ. ಹಾರ್ಮೋನು ಇಳಿದಂತೆ ವಸಡಿನ ಊತ ಇಳಿಯುತ್ತದೆ, ರಕ್ತ ನಿಲ್ಲುತ್ತದೆ. ಇದನ್ನು ಕಂಡು ರೋಗವೇ ಹೋಯಿತೆಂದು ಎಲ್ಲರೂ ಸಮಾಧಾನಗೊಳ್ಳುತ್ತಾರೆ. ಆದರೆ ವಸಡಿನ ಆಳದಲ್ಲಿ ಹಲ್ಲನ್ನು ಹಿಡಿದಿಡುವ ಮೂಳೆ ಆಗಲೇ ಕರಗಿದ್ದರೆ ಅದು ತಾನಾಗಿ ಮರಳಿ ಬೆಳೆಯುವುದಿಲ್ಲ, ಕಿಟ್ಟವೂ ಇದ್ದಲ್ಲೇ ಇರುತ್ತದೆ. ಹುಳುಕನ್ನು ಹುಟ್ಟಿಸುವ ಬ್ಯಾಕ್ಟೀರಿಯಾಗಳು ಆರೈಕೆ ಮಾಡುವವರ ಜೊಲ್ಲಿನ ಮೂಲಕ ಮಗುವಿನ ಬಾಯಿಗೂ ದಾಟಬಲ್ಲವಾದ್ದರಿಂದ, ತಾಯಿಯ ಹುಳುಕಿಗೆ ಚಿಕಿತ್ಸೆಯಾಗುವುದು ಮಗುವಿಗೂ ಒಳ್ಳೆಯದು. ಹಾಲುಣಿಸುವ ತಾಯಿಗೂ ಹಲ್ಲಿನ ಚಿಕಿತ್ಸೆಗೆ ಅಡ್ಡಿಯಿಲ್ಲ. ಆದರೆ ಕೈಗೂಸನ್ನು ಬಿಟ್ಟು ಹೊರಡುವುದು ಆಕೆಗೆ ಅತಿ ಕಷ್ಟವಾಗಿರುವುದೂ ಇದೇ ತಿಂಗಳುಗಳಲ್ಲಿ. ಮಗುವಿಗೆ ಲಸಿಕೆ ಹಾಕಿಸಲು ಆಕೆ ಹೇಗೂ ಆರೋಗ್ಯ ಕೇಂದ್ರಕ್ಕೆ ಬಂದೇ ಬರುತ್ತಾಳೆ. ತಾಯಿಯ ಹಲ್ಲಿನ ತಪಾಸಣೆಯನ್ನು ಅದೇ ದಿನಕ್ಕೆ, ಅದೇ ಕಟ್ಟಡದೊಳಗೆ ಜೋಡಿಸಿದರೆ ಇನ್ನೊಂದು ಓಡಾಟ, ಇನ್ನೊಂದು ದಿನದ ಕೂಲಿ, ಇನ್ನೊಬ್ಬರ ಒಪ್ಪಿಗೆ ಬೇಕಾಗುವುದಿಲ್ಲ.